ಸುಗಂಧಕ್ಕ ಹೆಬ್ಬೆಟ್ಟು ಒತ್ತದ ಕಾಗದ

ನಮ್ಮ ಕೊಪ್ಪದ ಯಾವ ಮಗುವಿಗೆ ಬದನೆಕಾಯಿ ಸೇರುವುದಿಲ್ಲ, ಯಾವುದು ಸಾರು ಹಾಕಿಸಿಕೊಳ್ಳುವ ಮೊದಲು ಎರಡು ತುತ್ತು ಬರೀ ಅನ್ನ ತಿನ್ನುತ್ತದೆ, ಯಾವುದು ಮನೆಯಲ್ಲಿರುವ ತಂಗಿಗೆಂದು ಬೆಲ್ಲದ ಚೂರನ್ನು ಚಡ್ಡಿಯ ಕಿಸೆಗೆ ಹಾಕಿಕೊಳ್ಳುತ್ತದೆ, ಇದೆಲ್ಲ ಸುಗಂಧಕ್ಕನಿಗೆ ಗೊತ್ತು. ಅವಳು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ದೊಡ್ಡ ಪಾತ್ರೆಯಲ್ಲಿ ಸಾರು ತಿರುವುವಾಗ ಕುತ್ತಿಗೆಯ ಮಣಿಸರಗಳನ್ನೆಲ್ಲ ಒಂದೇ ಸಲಕ್ಕೆ ಎತ್ತಿ ಬೆನ್ನಿನ ಮೇಲೆ ಹಾಕಿಕೊಳ್ಳುತ್ತಾಳೆ. ಆ ಸದ್ದು ಕೇಳಿದರೆ ಊಟಕ್ಕೆ ಇನ್ನು ಕಾಲು ಗಂಟೆ ಎಂದು ತರಗತಿಯಲ್ಲಿ ಕೂತ ನಮಗೆಲ್ಲ ತಿಳಿಯುತ್ತಿತ್ತು. ಮಂಗೇಶ ಮಾಸ್ತರರೂ ಆ ಸದ್ದಿಗೆ ಗಣಿತವನ್ನು ಬೇಗ ಮುಗಿಸುತ್ತಿದ್ದರು.

ಅವಳ ಬಗ್ಗೆ ಬರೆಯುತ್ತೇನೆಂದು ನಾನು ಹೇಳಿದಾಗ ಅವಳು ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನ ಬಗ್ಗೆ ಎಂತ ಬರೀತೆ? ಬೇಳೆ ಬೇಯಿಸ್ದೆ ಅಂತ ಬರಿ. ಮುಗೀತು."

ಅಷ್ಟಕ್ಕೆ ಮುಗಿಯುವುದಿಲ್ಲ ಎಂದು ನಮ್ಮ ಕೊಪ್ಪದವರಿಗೆಲ್ಲ ಗೊತ್ತಿದೆ. ಆದ್ದರಿಂದ ಬರೆಯುತ್ತಿದ್ದೇನೆ. ನಾನು ಕಣ್ಣಾರೆ ನೋಡಿದ್ದನ್ನು ನೋಡಿದ್ದೆಂದೇ ಬರೆದಿದ್ದೇನೆ. ನೋಡದೆ ಇರುವುದನ್ನು ಇಬ್ಬರ ಬಾಯಲ್ಲಿ ಕೇಳಿ, ಎರಡೂ ಒಂದೇ ಆದಾಗ ಮಾತ್ರ ಬರೆದಿದ್ದೇನೆ.

ಸುಗಂಧಕ್ಕ ಹುಟ್ಟಿದ್ದು ಅಂಕೋಲೆಯ ಬದಿಯ ಭಾವಿಕೇರಿಯಲ್ಲಿ. ಎರಡನೇ ಇಯತ್ತೆಗೆ ಶಾಲೆ ಬಿಟ್ಟಳು. ಮದುವೆಯಾಗಿ ನಮ್ಮ ಕೊಪ್ಪಕ್ಕೆ ಬಂದಳು. ನಮ್ಮದು ಅಮದಳ್ಳಿಯ ಹತ್ತಿರ, ಹಾಲಕ್ಕಿ ಒಕ್ಕಲಿಗರ ಇಪ್ಪತ್ತೆರಡು ಮನೆ; ಇಂಥ ಕೇರಿಗೆ ನಾವು ಕೊಪ್ಪ ಎನ್ನುತ್ತೇವೆ. ಅವಳ ಗಂಡ ಬೀರಣ್ಣ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸಸಿಗಳಿಗೆ ನೀರು ಹಾಕುತ್ತಿದ್ದ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಒಬ್ಬಳೇ ಮಗಳನ್ನು ಬಾಳೆಗುಳಿಗೆ ಕೊಟ್ಟಿದ್ದಾರೆ. ಬೀರಣ್ಣನ ತಮ್ಮ ಮಾದ ಪಕ್ಕದ ಮನೆಯಲ್ಲಿದ್ದಾನೆ. ಮಾದನ ಮಗ ಹುಲಿಯಾ. ಈ ಕಥೆಯಲ್ಲಿ ಹೆಚ್ಚು ಅತ್ತವನು ಅವನು.

ಮೊದಲು ನಮ್ಮ ಕೊಪ್ಪದಿಂದ ಶಾಲೆಗೆ ಗದ್ದೆಯ ಅಂಚಿನ ಮೇಲೆ ಹತ್ತು ನಿಮಿಷದ ದಾರಿ ಇತ್ತು. ಆಮೇಲೆ ನೌಕಾಪಡೆಯವರ ಗೋಡೆ ಬಂತು. ಗದ್ದೆಯಾಚೆಯ ಮನೆಗಳವರು ಎದ್ದು ಬೇರೆ ಕಡೆ ಹೋದರು. ನಾವು ಗೋಡೆಯ ಹೊರಗೆ ಉಳಿದೆವು, ದಾರಿ ಗೋಡೆಯ ಒಳಗೆ ಹೋಯಿತು. ಶಾಲೆ ಗೋಡೆಯ ಆಚೆ ಬದಿಗೆ ಮೊದಲಿದ್ದಲ್ಲೇ ಇತ್ತು. ಸುತ್ತು ಹಾಕಿ ಹೆದ್ದಾರಿಯ ಮೇಲೆ ಹೋದರೆ ಒಂದು ಗಂಟೆ ಬೇಕು. ಆ ಹೆದ್ದಾರಿಯಲ್ಲಿ ಆಗ ಅದಿರಿನ ಲಾರಿಗಳು ಒಂದರ ಬಾಲಕ್ಕೆ ಒಂದು ಓಡುತ್ತಿದ್ದವು.

ಎರಡು ಸಾವಿರದ ಮೂರರ ಜೂನಿನಲ್ಲಿ ಶಾಲೆ ತೆರೆದಾಗ ಕೊಪ್ಪದ ಹತ್ತೊಂಬತ್ತು ಮಕ್ಕಳಲ್ಲಿ ಐದು ಮಕ್ಕಳು ಬಂದರು. ಸುಗಂಧಕ್ಕ ಅದೇ ವರ್ಷ ಅಡುಗೆಗೆ ಸೇರಿದ್ದಳು. ದಿನವೂ ಹದಿನಾಲ್ಕು ತಟ್ಟೆಗಳು ತೊಳೆದಿಟ್ಟಂತೆಯೇ ಉಳಿಯುತ್ತಿದ್ದವು. ಅವಳು ಒಂದು ವಾರ ನೋಡಿದಳು. ಎಂಟನೆಯ ದಿನ ಆ ಹದಿನಾಲ್ಕು ತಟ್ಟೆಗಳನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ತಲೆಯ ಮೇಲಿಟ್ಟು, ನೌಕಾನೆಲೆಯ ಗೇಟಿಗೆ ನಡೆದಳು. ಗೇಟಿನ ಎದುರು ಪಂಕ್ತಿ ಹಾಕಿದ ಹಾಗೆ ತಟ್ಟೆಗಳನ್ನು ಸಾಲಾಗಿ ಇಟ್ಟು ಬದಿಗೆ ಕೂತಳು. ಪಹರೆಯವರು ಎದ್ದು ಹೋಗೆಂದರು. ಮಕ್ಕಳಿಗೆ ಬಡಿಸಲು ಬಂದಿದ್ದೇನೆ, ಅವರು ಬಂದ ಕೂಡಲೇ ಬಡಿಸಿ ಹೋಗುತ್ತೇನೆ ಎಂದಳು. ಅವರಿಗೆ ಕನ್ನಡ ಬಾರದು, ಅವಳಿಗೆ ಹಿಂದಿ ಬಾರದು. ಆದರೂ ತಟ್ಟೆಗಳ ಮೇಲೆ ಜೀಪು ಹತ್ತಿಸಲು ಯಾರಿಗೂ ಮನಸ್ಸಾಗಲಿಲ್ಲ.

ಆಗಿದ್ದ ಹಿರಿಯ ಸಾಹೇಬರು ಇಳಿದು ಬಂದರು. ಮಂಗೇಶ ಮಾಸ್ತರರನ್ನು ಕರೆಸಿ ಎಲ್ಲ ಕೇಳಿಕೊಂಡರು. ಹದಿನೈದು ದಿನಗಳಲ್ಲಿ ಗೋಡೆಗೆ ಒಂದು ಸಣ್ಣ ಗೇಟು ಬಂತು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅದನ್ನು ತೆರೆಯುತ್ತಿದ್ದರು. ಮಕ್ಕಳ ಹೆಸರಿನ ಪಟ್ಟಿ ಪಹರೆಯವರ ಬಳಿ ಇರಬೇಕು. ಸುಗಂಧಕ್ಕನೇ ಮಕ್ಕಳನ್ನು ಕರೆದುಕೊಂಡು ಬರಬೇಕು, ತಲೆ ಎಣಿಸಿ ಒಳಗೆ ಬಿಡಬೇಕು, ತಲೆ ಎಣಿಸಿ ಹೊರಗೆ ತರಬೇಕು. ಅವಳು ಒಪ್ಪಿದಳು. ತಲೆ ಎಣಿಸುವುದು ತನಗೆ ಹೊಸ ಕೆಲಸವಲ್ಲ ಎಂದಳಂತೆ.

ಆ ಸಣ್ಣ ಗೇಟಿಗೆ ಬಂದವರು ಬಿಶ್ತ್. ಹೆಸರು ಅವರ ಎದೆಯ ಪಟ್ಟಿಯ ಮೇಲಿತ್ತು. ನಾವು ಮೀಸೆ ಮಾಮ ಎನ್ನುತ್ತಿದ್ದೆವು. ಎಲ್ಲಿಯೋ ಹಿಮಾಲಯದ ಬುಡದವರು. ಅವರ ಮೀಸೆ ಎರಡೂ ಬದಿಗೆ ಪೊರಕೆಯಂತೆ ನಿಂತಿರುತ್ತಿತ್ತು. ದಿನವೂ ಪಟ್ಟಿ ಹಿಡಿದು ಒಂದೊಂದೇ ಹೆಸರು ಕರೆಯುತ್ತಿದ್ದರು. ಹುಲಿಯಾ ಎಂದರೆ ಯಾವ ಪ್ರಾಣಿ ಎಂದು ಯಾರೋ ಹೇಳಿಕೊಟ್ಟ ಮೇಲೆ ಆ ಹೆಸರು ಬಂದಾಗ ಹಲ್ಲು ಕಚ್ಚಿ ಸಣ್ಣಗೆ ಗುರುಗುಟ್ಟುತ್ತಿದ್ದರು. "ಹುಲಿಯಾ, ಹಾಜರ್?" ಎಂದರೆ ಅವನು ಎದೆ ಉಬ್ಬಿಸಿ "ಹಾಜರ್ ಸಾಬ್" ಎನ್ನುತ್ತಿದ್ದ. ಸುಗಂಧಕ್ಕ ಆಗಾಗ ಅವರಿಗೆ ಸೌತೆಯಂಥ ಎಳೆ ಮೊಗೆಕಾಯಿ ತಂದುಕೊಡುತ್ತಿದ್ದಳು. ಅವರು ಅದನ್ನು ಉಪ್ಪು ಹಚ್ಚಿ ತಿಂದು, ನಮ್ಮಿಂದ ಕಲಿತ ಕನ್ನಡದಲ್ಲಿ ಚಂದ ಅದೆ ಎನ್ನುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ಹದಿನಾಲ್ಕು ತಟ್ಟೆಗಳು ಮತ್ತೆ ಉಳಿಯಲಿಲ್ಲ.

ಎರಡು ಸಾವಿರದ ಆರರ ಸುಗ್ಗಿಯಲ್ಲಿ ಈ ಗೇಟಿಗೇ ಸಂಚಕಾರ ಬಂತು.

ಸುಗ್ಗಿಯ ಕಡೆಗೆ ನಮ್ಮಲ್ಲಿ ಹಗರಣದ ವೇಷ ಕಟ್ಟುತ್ತಾರೆ. ಊರಿನಲ್ಲಿ ಯಾರನ್ನು ದಿನವೂ ನೋಡುತ್ತೇವೋ ಅವರ ನಡಿಗೆ, ಮಾತು, ಉಡುಪು ಎಲ್ಲವನ್ನೂ ಅಣಕಿಸಿ ನಗಿಸುವ ಆಟ ಅದು. ಡಾಕ್ಟರರ ವೇಷ ಆಗಿದೆ, ಬಸ್ ಕಂಡಕ್ಟರರದು ಆಗಿದೆ, ಮಂಗೇಶ ಮಾಸ್ತರರದಂತೂ ಎರಡು ಸಲ ಆಗಿದೆ. ನಮ್ಮ ಕೊಪ್ಪದಲ್ಲಿ ಒಂದು ರೂಢಿ ಇದೆ. ಯಾರ ವೇಷ ಕಟ್ಟಿದ್ದೇವೋ ಅವರೆದುರು ಹೋಗಿ ಆಡಿ ತೋರಿಸಬೇಕು. ಅವರು ಒಂದು ತೆಂಗಿನಕಾಯಿ, ಒಂದು ಸೇರು ಅಕ್ಕಿ ಕೊಡಬೇಕು. ಕೊಟ್ಟವರು ನಮ್ಮವರಾದರು ಎಂದು ಅರ್ಥ. ಹೊರಗಿನವರ ವೇಷವನ್ನು ನಾವು ಕಟ್ಟುವುದಿಲ್ಲ.

ಆ ವರ್ಷ ಹುಡುಗರು ಮೀಸೆ ಮಾಮನ ವೇಷ ಕಟ್ಟುವುದೆಂದು ಮಾಡಿದರು. ಹುಲಿಯಾನೇ ಮೀಸೆ ಮಾಮ. ಅವನಿಗಾಗ ಹನ್ನೆರಡು ವರ್ಷ, ಆರನೇ ತರಗತಿ. ಬೀರಣ್ಣನ ನರ್ಸರಿಯ ಖಾಕಿ ಅಂಗಿ ಅವನ ಮೊಣಕಾಲು ಮುಟ್ಟುತ್ತಿತ್ತು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಹೆಗಲಿಗೆ ತೆಂಗಿನ ಗರಿಯ ದಿಂಡಿನಿಂದ ಕೆತ್ತಿದ ಬಂದೂಕು, ಕಾಲಿಗೆ ಬೂಟಿನ ಬದಲು ಮೊಣಕಾಲಿನವರೆಗೆ ಮಸಿ, ಮುಖಕ್ಕೂ ಮಸಿ. ಮೀಸೆಯನ್ನು ಸುಗಂಧಕ್ಕನೇ ಮಾಡಿಕೊಟ್ಟಳು. ತೆಂಗಿನ ನಾರನ್ನು ಬಾಚಿ, ಎಣ್ಣೆ ಮಸಿ ಹಚ್ಚಿ, ನಡುವೆ ದಾರ ಕಟ್ಟಿದ ಮೀಸೆ. ಹುಲಿಯಾ ಅದನ್ನು ಕಟ್ಟಿಕೊಂಡು ಪಟ್ಟಿ ಓದುವ ಹಾಗೆ ನಿಂತಾಗ ಬೀರಣ್ಣ ಕೂಡ ನಕ್ಕ. ನಾನು ಅಲ್ಲಿದ್ದೆ.

ಹೋಳಿ ಹುಣ್ಣಿಮೆಯ ಮರುದಿನ ಮಧ್ಯಾಹ್ನ ಆರು ಹುಡುಗರು ರೂಢಿಯಂತೆ ಮೀಸೆ ಮಾಮನಿಗೆ ಅವರದೇ ವೇಷ ತೋರಿಸಲು ಸಣ್ಣ ಗೇಟಿಗೆ ಹೋದರು. ಮೀಸೆ ಮಾಮ ಹಿಂದಿನ ದಿನವೇ ರಜೆಯ ಮೇಲೆ ಊರಿಗೆ ಹೋಗಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ. ಗೇಟಿನ ಎದುರು ಎರಡು ಬಿದಿರು ಅಡ್ಡ ಹಿಡಿದು ತಮ್ಮದೂ ಒಂದು ಗೇಟು ಮಾಡಿದರು. ಅಷ್ಟರಲ್ಲಿ ಒಂದು ಜೀಪು ಬಂತು. ಹುಲಿಯಾ ಬಂದೂಕು ಹೆಗಲಿಗೇರಿಸಿ, ಕೈ ಎತ್ತಿ, ಮೀಸೆ ತಿರುವಿ, "ಪಾಸ್? ಹೆಸರು? ಹಾಜರ್?" ಎಂದ.

ಜೀಪಿನಲ್ಲಿದ್ದವರು ಎರಡು ತಿಂಗಳ ಹಿಂದೆ ಬಂದ ಹೊಸ ಸಾಹೇಬರು. ಅವರ ಕಡೆಯಿಂದಲೂ ನೋಡಬೇಕು. ಆ ವಾರ ಅವರಿಗೆ ಮೇಲಿನಿಂದ ಏನೋ ಎಚ್ಚರಿಕೆ ಬಂದಿತ್ತಂತೆ. ಮುಖಕ್ಕೆ ಮಸಿ ಬಳಿದುಕೊಂಡು, ಖಾಕಿ ಹಾಕಿ, ಹೆಗಲಿಗೆ ಬಂದೂಕಿನಂಥದ್ದೇನೋ ಏರಿಸಿ ಯಾರೋ ದಾರಿ ಕಟ್ಟಿದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ಪಹರೆಯವರು ಓಡಿ ಬಂದರು. ಐದು ಹುಡುಗರು ಬಿದಿರು ಬಿಟ್ಟು ಓಡಿದರು. ಹುಲಿಯಾನಿಗೆ ಅಂಗಿಯ ತುದಿ ಕಾಲಿಗೆ ಸಿಕ್ಕಿತು. ಅವನನ್ನು ಒಳಗೆ ಕರೆದುಕೊಂಡು ಹೋದರು.

ಓಡಿ ಬಂದವರು ಸುಗಂಧಕ್ಕನಿಗೆ ಹೇಳಿದರು. ಅವಳು ಬೀರಣ್ಣನನ್ನು ಸೈಕಲ್ಲಿನ ಮೇಲೆ ಮಂಗೇಶ ಮಾಸ್ತರರ ಮನೆಗೆ ಅಟ್ಟಿ, ತಾನು ಸೀದಾ ಗೇಟಿಗೆ ಹೋದಳು. ಅವಳ ಗುರುತಿದ್ದ ಒಬ್ಬ ಪಹರೆಯವರು ಒಳಗೆ ಬಿಟ್ಟರು. ಇಲ್ಲಿಂದ ಮುಂದಿನದು ನಾನು ಕಂಡದ್ದಲ್ಲ. ಸುಗಂಧಕ್ಕನೂ ಹುಲಿಯಾನೂ ಹೇಳಿದ್ದು ಒಂದೇ ಆಗಿದೆ.

ಪಹರೆಯ ಕೋಣೆಯಲ್ಲಿ ಒಂದು ಮೇಜು, ಮೇಜಿನ ಆಚೆ ಸಾಹೇಬರು, ಈಚೆ ಒಂದು ಕುರ್ಚಿಯಲ್ಲಿ ಹುಲಿಯಾ. ಹೊಡೆದಿರಲಿಲ್ಲ, ಬೈದಿರಲೂ ಇಲ್ಲ. ಆದರೆ ಪ್ರಶ್ನೆಗಳೆಲ್ಲ ಹಿಂದಿಯಲ್ಲಿದ್ದವು, ಕೇಳುವವರು ನಾಲ್ಕು ಮಂದಿ ಸುತ್ತ ನಿಂತಿದ್ದರು. ಅಂಗಿ ಎಲ್ಲಿಯದು, ಯಾರು ಕಳಿಸಿದರು ಎಂದು ಕೇಳುತ್ತಿದ್ದರೆಂದು ಆಮೇಲೆ ತಿಳಿಯಿತು. ಹುಲಿಯಾ ಅಳುತ್ತಿದ್ದ. ಮಸಿ ಕರಗಿ ಗಲ್ಲದ ಮೇಲೆ ಇಳಿದಿತ್ತು. ಮೀಸೆಯನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದರು. ಅದರ ಬದಿಗೆ ಒಂದು ಬಿಳಿ ಕಾಗದ, ಒಂದು ಪೆನ್ನು. ಹೆಸರು ಬರೆ ಎಂದು ಕೈಸನ್ನೆ ಮಾಡುತ್ತಿದ್ದರು.

ಇನ್ನೊಂದು ಕುರ್ಚಿ ಇರಲಿಲ್ಲ. ಸುಗಂಧಕ್ಕ ಹುಲಿಯಾನ ಕಾಲಿನ ಬದಿಗೆ ನೆಲದ ಮೇಲೆ ಕೂತಳು. ಕೂತಲ್ಲಿಂದಲೇ ಕೈ ಎತ್ತಿ ಅಂಗೈಯನ್ನು ಆ ಕಾಗದದ ಮೇಲೆ ಊರಿದಳು.

"ಬರೀಬೇಡ ಮಗಾ. ಮಾಸ್ತರ್ರು ಬರ್ಲಿ."

ಸಾಹೇಬರಿಗೂ ಹೇಳಿದಳು. ಅವರಿಗೆ ಅರ್ಥವಾಗಲಿಲ್ಲ, ಅವಳೂ ನಿಲ್ಲಿಸಲಿಲ್ಲ. "ಅಂಗಿ ನನ್ನ ಗಂಡಂದು. ಮೀಸೆ ಮಾಡಿದ್ದು ನಾನು. ಹೆಸ್ರು ಬೇಕಾದ್ರೆ ನಂದು ಬರ್ಕಣಿ. ಇದು ಮಗು."

ಮಾಸ್ತರರು ಬರಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಕೈ ಕಾಗದದ ಮೇಲೇ ಇತ್ತು. ಕೈ ಜೋಮು ಹಿಡಿದಾಗ ಇನ್ನೊಂದು ಕೈ ಇಟ್ಟಳಂತೆ. ಮಾಸ್ತರರು ಹಗರಣದ ವಿಷಯ ವಿವರಿಸಿದರು. ಸಾಹೇಬರು ಕೇಳಿಕೊಂಡರು, ಆದರೆ ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಹುಡುಗನನ್ನು ಸಂಜೆಯ ಮೊದಲು ಬಿಟ್ಟರು. ಬಿಡುವಾಗ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಹಾಳೆ ಕೊಟ್ಟರು.

ಮಾಸ್ತರರು ಅದನ್ನು ಕನ್ನಡದಲ್ಲಿ ಓದಿ ಹೇಳಿದರು. ಹುಲಿಯಾ ಮಾದ ಗೌಡ, ವಯಸ್ಸು ಹನ್ನೆರಡು, ಸೈನಿಕರಂತೆ ವೇಷ ಹಾಕಿ ನಿಷೇಧಿತ ಜಾಗದಲ್ಲಿ ವಾಹನ ತಡೆದು ಅಪರಾಧ ಮಾಡಿದ್ದಾನೆ, ಅದಕ್ಕಾಗಿ ಕ್ಷಮೆ ಕೇಳುತ್ತೇವೆ, ಕೊಪ್ಪದವರು ಇನ್ನು ಇಂಥ ಆಟ ಆಡುವುದಿಲ್ಲ. ಕೆಳಗೆ ಸುಗಂಧಕ್ಕನ ಹೆಬ್ಬೆಟ್ಟಿಗೆ ಜಾಗ. ಮಕ್ಕಳನ್ನು ಗೇಟಿಗೆ ತರುವವಳು ಅವಳಾದ್ದರಿಂದ ಹೊಣೆಯೂ ಅವಳದು. ಹದಿನೈದು ದಿನದೊಳಗೆ ಒತ್ತಿದರೆ ಗೇಟು ತೆರೆಯುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಒತ್ತದಿದ್ದರೆ ಹುಲಿಯಾನ ಹೆಸರು ಪೊಲೀಸ್ ಠಾಣೆಗೆ ಹೋಗುತ್ತದೆ, ಗೇಟು ಮುಚ್ಚಿಯೇ ಇರುತ್ತದೆ.

ಸುಗಂಧಕ್ಕ ಅಪರಾಧ ಎಂಬ ಮಾತನ್ನು ಎರಡು ಸಲ ಓದಿಸಿದಳು. ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ ಮನೆಗೆ ಬಂದಳು.

ಮರುದಿನದಿಂದ ನಾವು ಹೆದ್ದಾರಿಯ ಮೇಲೆ ಹೊರಟೆವು. ಬೀರಣ್ಣ ಬಾವಿಯ ಕತ್ತದ ಹಗ್ಗದಲ್ಲಿ ಮೊಳಕ್ಕೊಂದು ಗಂಟು ಹಾಕಿದ್ದ. ಒಂದು ಗಂಟಿಗೆ ಒಂದು ಮಗು. ಸುಗಂಧಕ್ಕ ಮುಂದೆ, ಒಂದು ಕೋಲಿಗೆ ತನ್ನ ಹಳೇ ಕೆಂಪು ಸೀರೆಯ ತುಂಡು ಕಟ್ಟಿಕೊಂಡು. ಬೀರಣ್ಣ ಹಿಂದೆ. ಮೂರನೆಯ ಗಂಟು ನನ್ನದು. ಲಾರಿ ಬದಿಗೆ ಹೋದಾಗ ಗಾಳಿ ನಮ್ಮನ್ನು ಒಳಗೆ ಎಳೆದು ಆಮೇಲೆ ಹೊರಗೆ ನೂಕುತ್ತಿತ್ತು. ಶಾಲೆ ಮುಟ್ಟುವಾಗ ಎಲ್ಲರ ಹುಬ್ಬೂ ಅದಿರಿನ ಧೂಳಿನಿಂದ ಕೆಂಪಾಗಿರುತ್ತಿತ್ತು. ಸುಗಂಧಕ್ಕ ಒಲೆ ಹಚ್ಚುವ ಮೊದಲು ಬೋರ್‌ವೆಲ್ಲಿನ ಹತ್ತಿರ ನಿಂತು ಒಂದೊಂದೇ ಮುಖ ತೊಳೆಯುತ್ತಿದ್ದಳು. ತೊಳೆಯುತ್ತ ಎಣಿಸುತ್ತಿದ್ದಳು. ಹದಿನೆಂಟಕ್ಕೆ ನಿಲ್ಲುತ್ತಿತ್ತು.

ಹತ್ತೊಂಬತ್ತನೆಯವನು ಹುಲಿಯಾ. ಅವನು ಬರುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರು ಕರೆದರೆ ಗಿಡದ ಹಿಂದೆ ಹೋಗುತ್ತಿದ್ದ. ಅಮದಳ್ಳಿಯ ಹುಡುಗರು ಅವನನ್ನು ಕೈದಿ ಎಂದು ಕರೆದರಂತೆ. ಅವನು ದಂಡೆಯ ಮೀನುಗಾರರ ಹತ್ತಿರ ಬಲೆಯ ಕಸ ಹೆಕ್ಕಲು ಹೋಗತೊಡಗಿದ. ಪರೀಕ್ಷೆ ಹತ್ತಿರವಿತ್ತು.

ಒಂಬತ್ತನೆಯ ದಿನ ಎರಡನೇ ತರಗತಿಯ ಚಂದನಾ ಗಾಳಿಗೆ ಆಯ ತಪ್ಪಿ ರಸ್ತೆಯ ಬದಿಯ ಜಲ್ಲಿಯ ಮೇಲೆ ಬಿದ್ದಳು. ಮೊಣಕಾಲಿನ ಚರ್ಮ ಕಿತ್ತುಹೋಯಿತು, ಬೇರೇನೂ ಆಗಲಿಲ್ಲ. ಆದರೆ ಆ ದಿನ ಸಂಜೆ ಕೊಪ್ಪದವರೆಲ್ಲ ಸುಗಂಧಕ್ಕನ ಅಂಗಳಕ್ಕೆ ಬಂದರು. ಯಾರೂ ಜಗಳಕ್ಕೆ ಬಂದಿರಲಿಲ್ಲ. ಅದೇ ಕಷ್ಟ. ಎಲ್ಲರೂ ಸಮಾಧಾನದಿಂದ ಹೇಳಿದರು. ಒಂದು ಹೆಬ್ಬೆಟ್ಟಿಗೆ ಹದಿನೆಂಟು ಮಕ್ಕಳು ಉಳಿಯುತ್ತಾರೆ ಎಂದರು. ಕೊನೆಗೆ ಮಾದ ಮಾತಾಡಿದ. ಅವನು ಗೋಡೆಯ ಒಳಗೆ ಗುತ್ತಿಗೆದಾರರ ಕೈಕೆಳಗೆ ಹುಲ್ಲು ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದ.

"ಒತ್ತಿಬಿಡು ಅತ್ತಿಗೆ. ಶಾಯಿ ತೊಳ್ದ್ರೆ ಹೋಗ್ತದೆ."

"ನನ್ನ ಬೆರಳಿಂದ ಹೋಗ್ತದೆ ಮಾದಾ. ಕಾಗದದಿಂದ ಹೋಗ್ತದಾ? ನಿನ್ನ ಮಗನ ಹೆಸ್ರು ಅಲ್ಲಿ ಅದೆ."

"ನನ್ನ ಮಗನ ಹೆಸ್ರು ನಂಗೆ ಗೊತ್ತಿಲ್ವಾ? ನನ್ನ ಪಾಸ್ ಹೋದ್ರೆ ಅವಂಗೆ ಗಂಜಿ ಹಾಕೂದು ಯಾರು, ನೀನಾ?"

ಹೇಳಿದ ಮೇಲೆ ಮಾದನಿಗೇ ನಾಚಿಕೆಯಾಯಿತು. ಏಕೆಂದರೆ ಮೂರು ವರ್ಷದಿಂದ ಮಧ್ಯಾಹ್ನದ ಊಟ ಹಾಕುತ್ತಿದ್ದವಳು ಅವಳೇ. ಸುಗಂಧಕ್ಕ ಚಂದನಾಳ ಮೊಣಕಾಲಿಗೆ ಅರಿಶಿನ ಎಣ್ಣೆ ಹಚ್ಚುತ್ತ ಕೂತಿದ್ದಳು.

ಮರುದಿನ ಶಾಲೆ ಬಿಟ್ಟ ಮೇಲೆ ಅವಳು ಹೆಬ್ಬೆಟ್ಟು ಒತ್ತುವುದೆಂದೇ ನಿರ್ಧರಿಸಿ ಮಾಸ್ತರರ ಮನೆಗೆ ಹೊರಟಳು. ಇದನ್ನು ಬರೆಯಬೇಕೋ ಬೇಡವೋ ಎಂದು ಕೇಳಿದ್ದಕ್ಕೆ ಬರೆಯಲೇಬೇಕು ಎಂದಳು. ಮಾಸ್ತರರ ಮನೆ ಇರುವುದು ದಂಡೆಯ ಬದಿಗೆ. ಅಲ್ಲಿ ಹುಲಿಯಾ ಬಲೆ ಹರವಿಕೊಂಡು ಕೂತು ಏಡಿಯ ಕಾಲುಗಳನ್ನು ಬಿಡಿಸುತ್ತಿದ್ದ. ಅವಳನ್ನು ಕಂಡು ಬೆನ್ನು ತಿರುಗಿಸಿದ. ಅವಳು ಬದಿಗೆ ಕೂತು ತಾನೂ ಬಲೆಯ ಒಂದು ತುದಿ ಹಿಡಿದಳು. ಅರ್ಧ ಬಲೆ ಬಿಡಿಸಿದ ಮೇಲೆ ಅವನು ತಲೆ ಎತ್ತದೆ ಕೇಳಿದ.

"ದೊಡ್ಡವ್ವಿ, ನಾ ಕಳ್ಳನಾ?"

ಸುಗಂಧಕ್ಕ ಎದ್ದು ಮಾಸ್ತರರ ಮನೆಗೆ ಹೋದಳು. ಶಾಯಿಯ ಡಬ್ಬಿ ತೆಗೆಯಹೊರಟ ಮಾಸ್ತರರಿಗೆ, ಅದು ಆಮೇಲೆ, ಮೊದಲು ಪೆನ್ನು ತೆಗೆಯಿರಿ ಎಂದಳು. ತಾನು ಹೇಳಿದ್ದನ್ನು ಬೇರೊಂದು ಕಾಗದದಲ್ಲಿ ಬರೆಯಬೇಕು ಎಂದಳು. ಮಾಸ್ತರರು ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲಿಯೂ ಬರೆದರು. ಆ ಕಾಗದದ ನಕಲು ಈಗಲೂ ಶಾಲೆಯ ಕಪಾಟಿನಲ್ಲಿದೆ. ನಾನು ಅದನ್ನು ನೋಡಿಯೇ ಇಲ್ಲಿ ಬರೆಯುತ್ತಿದ್ದೇನೆ. ವೇಷ ಕಟ್ಟಿದವರು ಗೇಟಿನ ಎದುರಿನ ಬಿಳಿ ಗೆರೆ ದಾಟಿ ಬರುವುದಿಲ್ಲ. ಸುಗ್ಗಿಯ ಮೇಳ ಬರುವ ಹಿಂದಿನ ದಿನವೇ ಗೇಟಿಗೆ ತಿಳಿಸುತ್ತೇವೆ. ಈ ಎರಡು ಮಾತು ನಮ್ಮದು. ಒಂದು ಮಾತು ನಿಮ್ಮಿಂದ ಬೇಕು. ಯಾವ ಕಾರಣಕ್ಕೇ ಆಗಲಿ ನಮ್ಮ ಮಗುವನ್ನು ತಡೆದರೆ, ಅದರ ತಾಯಿಯೋ ತಂದೆಯೋ ಮಾಸ್ತರರೋ ಬಂದು ಬದಿಗೆ ಕೂರುವವರೆಗೆ ಏನನ್ನೂ ಕೇಳಬಾರದು, ಯಾವುದಕ್ಕೂ ಸಹಿ ಹಾಕಿಸಬಾರದು. ಇಷ್ಟೇ. ಅದರಲ್ಲಿ ಕ್ಷಮೆ ಎಂಬ ಮಾತಿಲ್ಲ, ಹುಲಿಯಾ ಎಂಬ ಹೆಸರಿಲ್ಲ.

ಆ ಕಾಗದಕ್ಕೆ ಅವಳು ಹೆಬ್ಬೆಟ್ಟು ಒತ್ತಿದಳು.

ಹನ್ನೊಂದನೆಯ ದಿನ ಇಬ್ಬರೂ ಸಾಹೇಬರ ಬಳಿಗೆ ಹೋದರು. ಸುಗಂಧಕ್ಕ ಎರಡು ಕಾಗದಗಳನ್ನೂ ಮೇಜಿನ ಮೇಲೆ ಬೇರೆ ಬೇರೆ ಇಟ್ಟಳು. ಸಾಹೇಬರು ಹೊಸ ಕಾಗದವನ್ನು ನಿಧಾನವಾಗಿ ಓದಿದರು. ಹಳೆಯದರಲ್ಲಿ ಹೆಬ್ಬೆಟ್ಟಿಲ್ಲವೆಂದು ನೋಡಿದರು. ಅವರಿಗೆ ಇಪ್ಪತ್ತೈದು ಇಪ್ಪತ್ತಾರು ವರ್ಷ ಇದ್ದಿರಬಹುದು, ಹತ್ತಿರದಿಂದ ನೋಡಿದರೆ ಬಾಳೆಗುಳಿಯ ತನ್ನ ಅಳಿಯನ ಪ್ರಾಯ ಎಂದು ಸುಗಂಧಕ್ಕ ಹೇಳುತ್ತಾಳೆ. ಅಪರಾಧ ಇಲ್ಲದಿದ್ದರೆ ಈ ಆಟವೆಲ್ಲ ಯಾಕೆ, ಇಷ್ಟು ಜನರಿರುವಾಗ ಒಬ್ಬ ಪಹರೆಯವನ ವೇಷವೇ ಯಾಕೆ, ಅಷ್ಟು ಇಷ್ಟವಿದ್ದರೆ ದೊಡ್ಡವರ ವೇಷ ಯಾಕೆ ಕಟ್ಟಲಿಲ್ಲ ಎಂದು ಮಾಸ್ತರರ ಮೂಲಕ ಕೇಳಿದರು. ನನ್ನ ವೇಷ ಯಾಕಿಲ್ಲ ಎಂದು ಕೇಳಿದ ಹಾಗೆಯೇ ಇತ್ತು.

ಸುಗಂಧಕ್ಕ ಸ್ವಲ್ಪ ಯೋಚಿಸಿ ಹೇಳಿದಳು. "ನೀವು ಬಂದು ಎರಡೇ ತಿಂಗಳಾಯ್ತು ಸಾಯ್ಬ್ರೆ. ಪರಿಚಯ ಆಗ್ಲಿ. ಕಟ್ವ."

ಮಾಸ್ತರರು ಇದನ್ನು ಹಿಂದಿಗೆ ತಿರುಗಿಸಲು ಹಿಂದೆಮುಂದೆ ನೋಡಿದರು. ಕೊನೆಗೆ ಹೇಳಿದರು. ಸಾಹೇಬರು ಮೊದಲು ಕಿಟಕಿಯ ಹೊರಗೆ ನೋಡಿದರು. ನಕ್ಕದ್ದನ್ನು ಮರೆಮಾಡಲು ಹಾಗೆ ಮಾಡಿದರೆಂದು ಮಾಸ್ತರರ ಅಭಿಪ್ರಾಯ. ಸುಗಂಧಕ್ಕ ಮಾತ್ರ, ನಗಲಿಲ್ಲ, ಗಾಳಿ ಬರಲೆಂದು ಆ ಕಡೆ ತಿರುಗಿದರು ಎನ್ನುತ್ತಾಳೆ. ಇದರಲ್ಲಿ ಇಬ್ಬರ ಮಾತು ಒಂದಾಗದ ಕಾರಣ ಎರಡನ್ನೂ ಬರೆದಿದ್ದೇನೆ. ಸಾಹೇಬರು ಹೊಸ ಕಾಗದವನ್ನು ತಮ್ಮ ಮೇಲಿನವರಿಗೆ ತೋರಿಸಬೇಕು ಎಂದರು. ಹಳೆಯದನ್ನು ಅವಳ ಕಡೆಗೆ ಸರಿಸಿದರು. ಅವಳು ಅದನ್ನು ತಂದು ಒಲೆಗೆ ಹಾಕಿದಳು. ಆ ದಿನದ ಬೇಳೆ ಅದರಲ್ಲೇ ಬೆಂದದ್ದು ಎಂದು ಈಗ ತಮಾಷೆ ಮಾಡುತ್ತಾಳೆ.

ಯುಗಾದಿಯ ದಿನ ಮಧ್ಯಾಹ್ನ ಮೀಸೆ ಮಾಮ ನಮ್ಮ ಕೊಪ್ಪಕ್ಕೆ ನಡೆದು ಬಂದರು. ಹಿಂದಿನ ದಿನವಷ್ಟೇ ಊರಿನಿಂದ ಮರಳಿದ್ದರು. ಸಮವಸ್ತ್ರವಿಲ್ಲದೆ ಬಿಳಿ ಅಂಗಿಯಲ್ಲಿ ಬಂದದ್ದರಿಂದ ಸಣ್ಣ ಮಕ್ಕಳಿಗೆ ಮೊದಲು ಗುರುತೇ ಸಿಗಲಿಲ್ಲ. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಅಕ್ಕಿಯ ಚೀಲ. ರೂಢಿಯನ್ನು ಅವರಿಗೆ ಮಾಸ್ತರರು ಹೇಳಿದ್ದರು. ಗೇಟು ನಾಳೆ ತೆರೆಯುತ್ತದೆ ಎಂಬ ಸುದ್ದಿಯನ್ನೂ ತಂದಿದ್ದರು. ಮೂರು ಮಾತಿಗೂ ಮೇಲಿನವರು ಒಪ್ಪಿದ್ದರು. ಹುಲಿಯಾನ ಹೆಸರು ಎಲ್ಲಿಗೂ ಹೋಗಿರಲಿಲ್ಲ.

ಹುಲಿಯಾ ಬಾಗಿಲಿನ ಹಿಂದೆ ನಿಂತಿದ್ದ. ಅವನ ಅವ್ವಿ ಕರೆದಳು, ಬರಲಿಲ್ಲ. ಮಾದ ಕರೆದ, ಬರಲಿಲ್ಲ. ಮೀಸೆ ಮಾಮ ಅಂಗಳದ ತುಳಸಿಯ ಬದಿಗೆ ಕೂತು ಕಿಸೆಯಿಂದ ಒಂದು ಪೊಟ್ಟಣ ತೆಗೆದರು. ಅದರಲ್ಲಿ ಆ ನಾರಿನ ಮೀಸೆ ಇತ್ತು. ಅದನ್ನು ತಮ್ಮ ಮೀಸೆಯ ಮೇಲೆಯೇ ಕಟ್ಟಿಕೊಂಡು ಬಾಗಿಲಿನ ಕಡೆ ತಿರುಗಿದರು.

"ನನ್ನದು ಬೆಳಿ ಆಯ್ತು. ಇದು ಕಪ್ಪು ಅದೆ. ಇದೇ ಚಂದ ಅದೆ," ಎಂದರು. ಆಮೇಲೆ ಸಣ್ಣಗೆ ಗುರುಗುಟ್ಟಿ, "ಹುಲಿಯಾ. ನಾಳೆ ಹಾಜರ್?"

ಅವರು ಕಾಯಿ, ಅಕ್ಕಿ, ಮೀಸೆ ಮೂರನ್ನೂ ಜಗಲಿಯ ಮೇಲೆ ಇಟ್ಟು ಹೋದರು.

ಮರುದಿನ ಬೆಳಿಗ್ಗೆ ಹಗ್ಗವಿಲ್ಲದೆ, ಕೆಂಪು ಬಟ್ಟೆಯಿಲ್ಲದೆ ಸಣ್ಣ ಗೇಟಿನ ಎದುರು ನಿಂತೆವು. ಮೀಸೆ ಮಾಮ ಪಟ್ಟಿ ಓದತೊಡಗಿದರು. ಹುಲಿಯಾ ಎಂಬ ಹೆಸರಿಗೆ ಬಂದಾಗ ಯಾರೂ ಉತ್ತರಿಸಲಿಲ್ಲ. ಅವರು ಮುಂದಿನ ಹೆಸರಿಗೆ ಹೋಗಲಿಲ್ಲ. ಮತ್ತೊಮ್ಮೆ ಕರೆದರು. ಸುಗಂಧಕ್ಕ ಹಿಂತಿರುಗಿ ನೋಡಲಿಲ್ಲ, ನಮಗೂ ನೋಡಬೇಡಿರೆಂದು ಕಣ್ಣಿನಲ್ಲೇ ಹೇಳಿದಳು. ಮೂರನೆಯ ಸಲ ಕರೆದಾಗ ಹಿಂದೆ, ಗೇರುಗಿಡದ ಹತ್ತಿರದಿಂದ, ಬಹಳ ಸಣ್ಣ ದನಿಯಲ್ಲಿ ಹಾಜರ್ ಸಾಬ್ ಎಂಬುದು ಕೇಳಿತು. ಸುಗಂಧಕ್ಕ ಅವನ ತಲೆಯ ಮೇಲೆ ಕೈಯಿಟ್ಟು ಹತ್ತೊಂಬತ್ತು ಎಂದು ಎಣಿಸಿ ಒಳಗೆ ಬಿಟ್ಟಳು. ಮಧ್ಯಾಹ್ನ ಅವನ ತಟ್ಟೆಗೆ ಒಂದು ಸೌಟು ಸಾರು ಹೆಚ್ಚು ಬಿತ್ತು.

ಹುಲಿಯಾ ಆ ವರ್ಷವೂ ಪಾಸಾದ, ಮುಂದಿನ ವರ್ಷವೂ ಪಾಸಾದ. ಈಗ ಅವನು ಹೈಸ್ಕೂಲಿಗೆ ಹೋಗುತ್ತಾನೆ. ನಾನು ಎಂಟನೆಯದಕ್ಕೇ ನಿಲ್ಲಿಸಿದ್ದರಿಂದ ಈ ಬರಹದ ಕಾಗುಣಿತವನ್ನು ಅವನೇ ನೋಡಿಕೊಟ್ಟ.

ಓದಿ ಹೇಳಿದಾಗ ಸುಗಂಧಕ್ಕ ಒಂದೇ ಒಂದು ಕಡೆ ತಿದ್ದಿಸಿದಳು. ಪಹರೆಯ ಕೋಣೆಯಲ್ಲಿ ಅವಳು ಹೆದರದೆ ಕೂತಿದ್ದಳು ಎಂದು ನಾನು ಬರೆದಿದ್ದೆ. ಅದನ್ನು ತೆಗೆಸಿದಳು.

"ಹೆದ್ರಿಕೆ ಆಗಿತ್ತು ಅಂತ ಬರಿ. ಕೈ ನಡುಗ್ತಿತ್ತು. ಕಾಗದದ ಮೇಲೆ ಊರಿ ಹಿಡ್ದದ್ದಕ್ಕೆ ಯಾರಿಗೂ ಕಾಣ್ಲಿಲ್ಲ."

ಆ ಕಾಗದವಾದ ಮೇಲೆ ಎರಡು ಸಲ ನಮ್ಮ ಮಕ್ಕಳನ್ನು ಗೇಟಿನಲ್ಲಿ ತಡೆದದ್ದುಂಟು. ಒಂದು ಸಲ ಒಳಗೆ ನುಗ್ಗಿದ ಕರುವಿನ ಹಿಂದೆ ಓಡಿದ್ದಕ್ಕೆ, ಇನ್ನೊಂದು ಸಲ ಗೋಡೆ ಹತ್ತಿ ಮಾವಿನಕಾಯಿ ಕಿತ್ತಿದ್ದಕ್ಕೆ. ಎರಡು ಸಲವೂ ಮಗುವಿಗೆ ನೀರು ಕೊಟ್ಟು ಕೂರಿಸಿ, ಏನೂ ಕೇಳದೆ ಸುಗಂಧಕ್ಕನಿಗೆ ಹೇಳಿಕಳಿಸಿದರು. ಅವಳು ಸೌಟು ಕೆಳಗಿಟ್ಟು ಹೋದಳು. ಹೋದಾಗ ಮಗುವಿನ ಕುರ್ಚಿಯ ಬದಿಗೆ ಇನ್ನೊಂದು ಕುರ್ಚಿ ಹಾಕಿಟ್ಟಿದ್ದರು.